ಒಂದಕ್ಕೆ ಹಗಲಿನ ಚಿಂತೆ, ಇನ್ನೊಂದಕ್ಕೆ ರಾತ್ರಿಯ ಚಿಂತೆ: ಎರಡು ಹಮ್ಮಿಂಗ್‌ಬರ್ಡ್‌ಗಳು

(ಚಿಕ್ಕಮಗಳೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳು, ಹಕ್ಕಿ ನೋಡುವ ಹವ್ಯಾಸದವರು ಮತ್ತು ಕಾಫಿ ಬೆಳೆಗಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯ ಪ್ರಶ್ನೋತ್ತರವನ್ನು ಸ್ವಲ್ಪ ಚುಟುಕಾಗಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ: ನಮ್ಮ ಜಿಲ್ಲೆಯ ಯಾವ ತೋಟದಲ್ಲೂ ಹಮ್ಮಿಂಗ್‌ಬರ್ಡ್ ಇಲ್ಲ. ಅಂಗಳದ ದಾಸವಾಳಕ್ಕೆ, ತೋಟದ ಹಾಲವಾಣದ ಹೂವಿಗೆ ಬರುವ ಮಿನುಗು ಮೈಯ ಪುಟ್ಟ ಹಕ್ಕಿ ಸೂರಕ್ಕಿ. ಮುಸ್ಸಂಜೆಯಲ್ಲಿ ಹೂವಿನ ಮುಂದೆ ಗಾಳಿಯಲ್ಲೇ ನಿಂತು ರಸ ಹೀರುವುದನ್ನು ಮೊಬೈಲಿನಲ್ಲಿ ಹಿಡಿದು, ‘ನಮ್ಮನೆಗೂ ಹಮ್ಮಿಂಗ್‌ಬರ್ಡ್ ಬಂತು’ ಎಂದು ಕಳಿಸುತ್ತಾರಲ್ಲ, ಅದು ಬಹುಪಾಲು ಹಾಕ್‌ಮಾತ್ ಎಂಬ ಪತಂಗ. ಹಮ್ಮಿಂಗ್‌ಬರ್ಡ್‌ಗಳಲ್ಲಿ 360ಕ್ಕೂ ಹೆಚ್ಚು ಪ್ರಭೇದಗಳಿವೆ. ಅಲಾಸ್ಕದಿಂದ ಹಿಡಿದು ದಕ್ಷಿಣ ತುದಿಯ ಟಿಯೆರಾ ಡೆಲ್ ಫ್ಯೂಗೊವರೆಗೆ, ಅಷ್ಟೂ ಅಮೆರಿಕ ಖಂಡಗಳಲ್ಲೇ ಇವೆ. ಸೂರಕ್ಕಿಗೂ ಅವಕ್ಕೂ ರಕ್ತಸಂಬಂಧ ದೂರದ್ದು. ಹತ್ತಿರದ ನೆಂಟರೆಂದರೆ ಜೋಗದ ಬಂಡೆಗಳ ಸುತ್ತ ಬಾಣದ ವೇಗದಲ್ಲಿ ಸುತ್ತುವ ಸ್ವಿಫ್ಟ್ ಹಕ್ಕಿಗಳು.

ಹಾಗೆಂದು ಅವು ಎಂದೂ ಈ ಕಡೆ ಇರಲೇ ಇಲ್ಲ ಎಂದಲ್ಲ. 2004ರಲ್ಲಿ ಗೆರಾಲ್ಡ್ ಮೇಯರ್ ಎಂಬ ವಿಜ್ಞಾನಿ ಜರ್ಮನಿಯಲ್ಲಿ ಸಿಕ್ಕ ಪಳೆಯುಳಿಕೆಯೊಂದನ್ನು ವಿವರಿಸಿದರು. ಸುಮಾರು ಮೂರು ಕೋಟಿ ವರ್ಷ ಹಳೆಯದು, ಉದ್ದ ಕೊಕ್ಕಿನದು, ಗಾಳಿಯಲ್ಲಿ ನಿಲ್ಲಲು ಬೇಕಾದಂಥ ಗಿಡ್ಡ ತೋಳಿನ ಮೂಳೆಯದು. ಯುರೋಪಿನಲ್ಲಿ ಒಂದು ಕಾಲಕ್ಕೆ ಈ ಬಳಗ ಇತ್ತು, ಆಮೇಲೆ ಅಳಿದುಹೋಯಿತು. ಅಮೆರಿಕದಲ್ಲಿ ಮಾತ್ರ ಉಳಿದು ಹಬ್ಬಿತು.

ಇಲ್ಲಿಲ್ಲದ ಹಕ್ಕಿಯ ಬಗ್ಗೆ ಇಲ್ಲೇಕೆ ಮಾತು ಎಂದು ನೀವು ಕೇಳಬಹುದು. ಈ ಊರು ಸಾವಿರ ಮೀಟರಿಗೆ ಸ್ವಲ್ಪ ಮೇಲಿದೆ. ಇಲ್ಲಿಂದ ಕಾಣುವ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಹತ್ತುವಾಗ ತೋಟ ಮುಗಿದು, ಕಣಿವೆಯ ಶೋಲಾ ಕಾಡು ಕಂಡು, ಇದ್ದಕ್ಕಿದ್ದಂತೆ ಬರಿಯ ಹುಲ್ಲು ಮತ್ತು ಗಾಳಿ ಸಿಗುತ್ತದೆ. ಕೆಳಗೆ ಕಂಡ ಹಕ್ಕಿ ಮೇಲೆ ಕಾಣುವುದಿಲ್ಲ, ಮೇಲಿನದು ಕೆಳಗಿಲ್ಲ. ಎತ್ತರ ಒಂದು ಜೀವಿಯನ್ನು ಏನು ಮಾಡುತ್ತದೆ ಎಂಬ ಪ್ರಶ್ನೆ ಈ ಬೆಟ್ಟಸಾಲಿನ ಕೆಳಗೆ ಬದುಕುವವರಿಗೆ ತಾನಾಗಿ ಹುಟ್ಟುತ್ತದೆ. ಹಮ್ಮಿಂಗ್‌ಬರ್ಡ್‌ಗಳಷ್ಟು ನಿಚ್ಚಳವಾಗಿ ಅದಕ್ಕೆ ಉತ್ತರ ಹೇಳುವ ಹಕ್ಕಿಗಳು ಕಡಿಮೆ.

ಇವತ್ತು ಹೇಳುವುದು ಎರಡು ಹಮ್ಮಿಂಗ್‌ಬರ್ಡ್‌ಗಳ ಮಾತು: ಒಂದು ತಗ್ಗಿನ ಕಾಡಿನ ಉದ್ದಕೊಕ್ಕಿನ ಹರ್ಮಿಟ್, ಇನ್ನೊಂದು ಎತ್ತರದ ಬೆಟ್ಟದ ಆಂಡಿಯನ್ ಹಿಲ್‌ಸ್ಟಾರ್. ಮೊದಲು ಎರಡಕ್ಕೂ ಸಮಾನವಾದ ದೇಹದ ಮಾತು. ಬೇರೆ ಹಕ್ಕಿಗಳ ರೆಕ್ಕೆ ಮುಖ್ಯವಾಗಿ ಕೆಳಕ್ಕೆ ಬಡಿದಾಗ ಭಾರ ಎತ್ತುತ್ತದೆ. ಹಮ್ಮಿಂಗ್‌ಬರ್ಡ್ ರೆಕ್ಕೆಯನ್ನು ಹೆಗಲಿನಲ್ಲೇ ತಿರುಗಿಸಿ ಹಿಂದಕ್ಕೆ ಒಯ್ಯುವಾಗಲೂ ಭಾರ ಹೊರುತ್ತದೆ. 2005ರ ಅಳತೆಯೊಂದರ ಪ್ರಕಾರ ಮುಕ್ಕಾಲು ಪಾಲು ಎತ್ತುವಿಕೆ ಕೆಳಬಡಿತದ್ದು, ಕಾಲು ಪಾಲು ಮೇಲ್ಬಡಿತದ್ದು. ಅದರಿಂದಲೇ ಅದು ಗಾಳಿಯಲ್ಲಿ ನಿಂತಲ್ಲೇ ನಿಲ್ಲಬಲ್ಲದು, ಹಿಂದಕ್ಕೂ ಹಾರಬಲ್ಲದು. ಆದರೆ ಇದು ಬಹಳ ದುಬಾರಿ ವಿದ್ಯೆ. ಹಾರುವಾಗ ಕೆಲವು ಪ್ರಭೇದಗಳ ಹೃದಯ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಬಾರಿ ಬಡಿಯುತ್ತದೆ. ಕುಡಿದ ಮಕರಂದದ ಸಕ್ಕರೆ ಅರ್ಧ ಗಂಟೆಯೊಳಗೆ ನೇರವಾಗಿ ರೆಕ್ಕೆಯ ಸ್ನಾಯುವಿಗೆ ಹೋಗಿ ಉರಿಯುತ್ತದೆ. ಕೂಡಿಡುವುದಕ್ಕೆ ಅಷ್ಟು ಪುಟ್ಟ ಮೈಯಲ್ಲಿ ಜಾಗ ಕಡಿಮೆ.

ಹೀಗಾಗಿ ಪ್ರತಿ ಹಮ್ಮಿಂಗ್‌ಬರ್ಡಿನ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಹಗಲಿನಲ್ಲಿ, ಮುಂದಿನ ಹೂವು ಎಲ್ಲಿ? ಕತ್ತಲಾದ ಮೇಲೆ, ಏನೂ ಕುಡಿಯದೆ ಬೆಳಗಿನವರೆಗೆ ಬದುಕುವುದು ಹೇಗೆ? ನಾನು ಆಯ್ದುಕೊಂಡ ಎರಡು ಹಕ್ಕಿಗಳಲ್ಲಿ ಒಂದರ ಬದುಕನ್ನು ಮೊದಲ ಪ್ರಶ್ನೆ ರೂಪಿಸಿದೆ, ಇನ್ನೊಂದರದನ್ನು ಎರಡನೆಯದು.

ಮೊದಲನೆಯದು ಉದ್ದಕೊಕ್ಕಿನ ಹರ್ಮಿಟ್. ಮೆಕ್ಸಿಕೊದ ದಕ್ಷಿಣದಿಂದ ಈಕ್ವೆಡಾರಿನ ಪಶ್ಚಿಮದವರೆಗೆ, ತಗ್ಗಿನ ಮಳೆಕಾಡುಗಳ ಹಕ್ಕಿ. ಇದರ ಬಗ್ಗೆ ನಮಗೆ ಗೊತ್ತಿರುವ ಬಹಳಷ್ಟು ಸಂಗತಿ ಕೋಸ್ಟರಿಕಾದ ಲಾ ಸೆಲ್ವಾ ಎಂಬ ಸಂಶೋಧನಾ ಕೇಂದ್ರದಿಂದ ಬಂದದ್ದು. ಅಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಶೃಂಗೇರಿ ಕಡೆಯವರಿಗೆ ಇದೇನು ಬೆರಗಿನ ಅಂಕಿಯಲ್ಲ, ಆದರೆ ಅಲ್ಲಿ ಮಳೆ ನಮ್ಮ ಮುಂಗಾರಿನಂತೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದಿಲ್ಲ, ವರ್ಷವಿಡೀ ಹಂಚಿಕೊಂಡು ಬರುತ್ತದೆ. ಕಾಡಿನ ಒಳಗೆ ಸದಾ ಬೆಚ್ಚಗೆ, ಸದಾ ಮಬ್ಬು.

ಹಮ್ಮಿಂಗ್‌ಬರ್ಡ್ ಎಂದೊಡನೆ ಮಾಣಿಕ್ಯ ಬಣ್ಣದ ಕೊರಳನ್ನು ನಿರೀಕ್ಷಿಸುವವರಿಗೆ ಹರ್ಮಿಟ್ ಸಪ್ಪೆ ಅನ್ನಿಸಬಹುದು. ಕಂದು ಮೈ, ಕಣ್ಣಿನ ಮೇಲೆ ಮಾಸಲು ಗೆರೆ, ಬಾಲದ ನಡುವೆ ಬಿಳಿ ತುದಿಯ ಎರಡು ಉದ್ದ ಗರಿ. ತೂಕ ಸುಮಾರು 6 ಗ್ರಾಂ. ಆದರೆ ಕೊಕ್ಕು ನೋಡಿ: ಹತ್ತಿರ ಹತ್ತಿರ 4 ಸೆಂಟಿಮೀಟರ್, ಕೆಳಕ್ಕೆ ಬಾಗಿದ್ದು. ಅದು ಹೆಲಿಕೋನಿಯಾ ಹೂವಿನ ಬಾಗಿದ ಕೊಳವೆಗೆ ಒಪ್ಪುವ ಕೊಕ್ಕು. ಹೆಲಿಕೋನಿಯಾ ನಿಮಗೆಲ್ಲ ಗೊತ್ತು. ಬಾಳೆಯ ಹತ್ತಿರದ ಬಳಗದ್ದು, ಕೆಂಪು-ಹಳದಿ ದೋಣಿಯಾಕಾರದ ಎಲೆಗಳ ಗೊಂಚಲಿನದು. ನಮ್ಮ ಎಸ್ಟೇಟ್ ಬಂಗಲೆಗಳ ಮುಂದೆ ಅಲಂಕಾರಕ್ಕೆ ನೆಟ್ಟಿರುತ್ತಾರೆ. ಇಲ್ಲಿ ಅದು ಅಂದಕ್ಕೆ ಬೆಳೆಸಿದ ಗಿಡ, ಅಲ್ಲಿ ಹರ್ಮಿಟ್‌ನ ಅನ್ನ.

ಆ ಕಾಡಿನಲ್ಲಿ ಹೆಲಿಕೋನಿಯಾ ಒಂದೇ ಕಡೆ ರಾಶಿಯಾಗಿ ಅರಳುವುದು ಕಡಿಮೆ. ತೊರೆಯ ಬದಿಯಲ್ಲಿ ಒಂದು ಗುಂಪು, ಮರ ಬಿದ್ದ ಜಾಗದಲ್ಲಿ ಇನ್ನೊಂದು. ಒಂದೊಂದು ಹೂವಿನ ಆಯುಸ್ಸು ಒಂದೇ ದಿನ. ಇಂಥ ಚದುರಿದ ಊಟವನ್ನು ಕಾವಲು ಕಾಯುವುದರಲ್ಲಿ ಅರ್ಥವಿಲ್ಲ. ಅದಕ್ಕೇ ಹರ್ಮಿಟ್ ಹೂವಿನ ಪೊದೆಯನ್ನು ತನ್ನದೆಂದು ಹಿಡಿದು ಕೂರುವುದಿಲ್ಲ. ತೋಟದ ರೈಟರು ದಿನ ಬೆಳಗಾದರೆ ಅದೇ ಹಾದಿಯಲ್ಲಿ ಬ್ಲಾಕಿನಿಂದ ಬ್ಲಾಕಿಗೆ ಸುತ್ತಿ ಬರುವಂತೆ, ಈ ಹಕ್ಕಿ ಕಾಡಿನಲ್ಲಿ ತನ್ನದೇ ಸುತ್ತು ಕಟ್ಟಿಕೊಂಡು ಹೂವಿನಿಂದ ಹೂವಿಗೆ ಹೋಗುತ್ತದೆ. ಯಾವ ಗಿಡ ಎಲ್ಲಿದೆ, ಎಲ್ಲಿ ರಸ ಮತ್ತೆ ತುಂಬಿರುತ್ತದೆ, ಎಲ್ಲಾ ನೆನಪಿನಲ್ಲಿರಬೇಕು.

ಈ ನೆನಪು ಎಷ್ಟು ಮುಖ್ಯವೆಂದರೆ, ಗಂಡಿನ ಸ್ಥಾನಮಾನವೇ ಅದರ ಮೇಲೂ ನಿಂತಿದೆ. ಹರ್ಮಿಟ್ ಗಂಡುಗಳು ಕಾಡಿನ ಪೊದೆಗಳ ನಡುವೆ ಗೊತ್ತಾದ ಒಂದು ಜಾಗದಲ್ಲಿ ಸೇರಿ, ತಲಾ ಒಂದೊಂದು ಕೊಂಬೆ ಹಿಡಿದು, ಬಾಲ ಅಲ್ಲಾಡಿಸುತ್ತ ಒಂದೇ ಸ್ವರವನ್ನು ಮತ್ತೆ ಮತ್ತೆ ಕೂಗುತ್ತವೆ. ಗ್ಯಾರಿ ಸ್ಟೈಲ್ಸ್ ಮತ್ತು ಲ್ಯಾರಿ ವುಲ್ಫ್ 1979ರಲ್ಲಿ ಈ ಹಾಡುಕಟ್ಟೆಗಳ ಬಗ್ಗೆ ವಿಸ್ತಾರವಾಗಿ ಬರೆದರು. ಹೆಣ್ಣು ಬಂದು ನೋಡಿ, ಆರಿಸಿ, ಕೂಡಿ ಹೋಗುತ್ತದೆ. ಗೂಡು, ಮೊಟ್ಟೆ, ಮರಿ ಎಲ್ಲ ಅವಳ ಪಾಲು. ಕಟ್ಟೆಯಲ್ಲಿ ಜಾಗಕ್ಕಾಗಿ ಗಂಡುಗಳ ನಡುವೆ ಜಗಳ ನಡೆಯುತ್ತದೆ. 2015ರಲ್ಲಿ ಅಲೆಹಾಂಡ್ರೊ ರಿಕೊ-ಗೆವಾರಾ ಮತ್ತು ಮಾರ್ಸೆಲೊ ಅರಾಯಾ-ಸಲಾಸ್ ತೋರಿಸಿದಂತೆ, ಬೆಳೆದ ಗಂಡಿನ ಕೊಕ್ಕಿನ ತುದಿ ಹೆಣ್ಣಿನದಕ್ಕಿಂತ ಚೂಪು. ಎದುರಾಳಿಯ ಕೊರಳಿಗೆ ಅದರಿಂದ ತಿವಿಯುತ್ತವೆ. 2018ರಲ್ಲಿ ಅರಾಯಾ-ಸಲಾಸ್ ಮತ್ತವರ ಸಂಗಡಿಗರು ಇದೇ ಹಕ್ಕಿಯ ನೆನಪಿನ ಶಕ್ತಿಯನ್ನು ಪರೀಕ್ಷಿಸಿದರು. ಕಟ್ಟೆಯಲ್ಲಿ ಜಾಗ ಗಿಟ್ಟಿಸಲು ಮೈಕಟ್ಟು, ಕೊಕ್ಕಿನ ಚೂಪು ಎಷ್ಟು ಮುಖ್ಯವೋ ‘ಹೂವು ಎಲ್ಲಿತ್ತು’ ಎಂಬ ನೆನಪೂ ಅಷ್ಟೇ ಮುಖ್ಯ ಎಂದು ಕಂಡುಬಂತು. ನನಗೆ ಇದು ಒಪ್ಪಿಗೆಯಾಗುವ ತರ್ಕ. ದಿನವಿಡೀ ಹಾಡುತ್ತ ಕೂರಬೇಕಾದರೆ ಹೊಟ್ಟೆ ಬೇಗ ತುಂಬಬೇಕು. ದಾರಿ ನೆನಪಿದ್ದವನಿಗೆ ಬೇಗ ತುಂಬುತ್ತದೆ.

ಈ ಸುತ್ತಿನ ಬದುಕಿನ ಮೇಲೆ ಇನ್ನೂ ಪುಟ್ಟ ಬದುಕುಗಳು ಸವಾರಿ ಮಾಡುತ್ತವೆ. ಹೆಲಿಕೋನಿಯಾ ಹೂವಿನಲ್ಲಿ ನುಸಿಗಳಿವೆ. ಬೆಳೆಗಾರರಿಗೆ ನುಸಿ ಎಂದರೆ ಪೀಡೆ, ಆದರೆ ಇವು ಮಕರಂದ ಮತ್ತು ಪರಾಗ ತಿಂದು ಬದುಕುವ ಹೂವಿನ ನುಸಿಗಳು. ಹೂವು ಒಂದೇ ದಿನಕ್ಕೆ ಬಾಡುತ್ತದೆ, ಕಾಲ್ನಡಿಗೆಯಲ್ಲಿ ಮುಂದಿನ ಗಿಡ ಮುಟ್ಟುವುದು ಆಗದ ಮಾತು. ಅವು ಏನು ಮಾಡುತ್ತವೆ? ಹಕ್ಕಿ ಕೊಕ್ಕಿಟ್ಟ ಕ್ಷಣದಲ್ಲಿ ಕೊಕ್ಕಿನ ಮೇಲೆ ಓಡಿ ಮೂಗಿನ ಹೊಳ್ಳೆ ಸೇರುತ್ತವೆ. ತಮ್ಮ ಜಾತಿಯ ಹೂವು ಬಂದಾಗ ಅಷ್ಟೇ ಚುರುಕಾಗಿ ಇಳಿದು ಓಡುತ್ತವೆ. ರಾಬರ್ಟ್ ಕಾಲ್ವೆಲ್ 1970ರ ದಶಕದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಹಕ್ಕಿ ಸುತ್ತು ಬಿಟ್ಟರೆ ಗಿಡಕ್ಕೆ ಪರಾಗವಿಲ್ಲ, ನುಸಿಗೆ ವಾಹನವಿಲ್ಲ.

ಗಿಡವೂ ಸುಮ್ಮನೆ ಕೂತಿಲ್ಲ. ಕೋಸ್ಟರಿಕಾದ ದಕ್ಷಿಣದಲ್ಲಿ ಹೆಲಿಕೋನಿಯಾ ಟಾರ್ಟುವೋಸಾ ಎಂಬ ಪ್ರಭೇದದ ಮೇಲೆ ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುವುದು ಇಷ್ಟು. ಉದ್ದ ಬಾಗು ಕೊಕ್ಕಿನ ಹಕ್ಕಿಗಳು ಆಳದ ಮಕರಂದವನ್ನು ಪೂರ್ತಿ ಹೀರಿದಾಗ ಹೂವಿನೊಳಗೆ ಬೀಜ ಕಟ್ಟಲು ಬೇಕಾದ ಪರಾಗನಾಳ ಚೆನ್ನಾಗಿ ಬೆಳೆಯುತ್ತದೆ. ಗಿಡ್ಡ ಕೊಕ್ಕಿನವು ಬಂದು ಹೋದಾಗ ಅಷ್ಟು ಬೆಳೆಯುವುದಿಲ್ಲ. ಬಂದವರು ಯಾರೆಂದು ಹೂವು ಗುರುತಿಸುತ್ತದೆ ಎಂದೇ ಆ ವಿಜ್ಞಾನಿಗಳ ಮಾತು. ದೂರದ ಹೂಗಳ ಪರಾಗ ಹೊತ್ತು ತರುವುದು ಸುತ್ತು ಹೊಡೆಯುವ ಉದ್ದಕೊಕ್ಕಿನವೇ ತಾನೆ!

ಈಗ ಬೆಟ್ಟ ಹತ್ತೋಣ. ಆಂಡಿಯನ್ ಹಿಲ್‌ಸ್ಟಾರ್ ದಕ್ಷಿಣ ಪೆರು, ಬೊಲಿವಿಯಾ, ಉತ್ತರ ಚಿಲಿ ಮತ್ತು ವಾಯವ್ಯ ಅರ್ಜೆಂಟೀನಾದ ಎತ್ತರದ ಹುಲ್ಲುಗಾವಲಿನದು. 3,500 ಮೀಟರಿನಿಂದ ಮೇಲಕ್ಕೆ, ಹೆಚ್ಚುಕಡಿಮೆ 5,000 ಮೀಟರಿನವರೆಗೆ. ಅಂದರೆ ಮುಳ್ಳಯ್ಯನಗಿರಿಯ ತುದಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೆ ಸಿಗುವ ಎತ್ತರಕ್ಕಿಂತ ಸ್ವಲ್ಪವೇ ಕೆಳಗೆ ಇದರ ಬದುಕು ಶುರು. ಪುನಾ ಎಂದು ಕರೆಯುವ ಆ ಸೀಮೆಯಲ್ಲಿ ಮರ ಅಪರೂಪ. ಬಿರುಸು ಹುಲ್ಲು, ಮುಳ್ಳುಪೊದೆ, ಬಂಡೆ. ಹಗಲು ಸುಡುವ ಬಿಸಿಲು, ರಾತ್ರಿ ಹಿಮ. ಹಕ್ಕಿಯ ತೂಕ ಸುಮಾರು 8 ಗ್ರಾಂ. ಗಂಡಿಗೆ ಹಸಿರು ಮಿನುಗುವ ಕೊರಳು, ಬಿಳಿ ಹೊಟ್ಟೆ, ಅದರ ನಡುವೆ ಕಂದು ಪಟ್ಟೆ. ಕೊಕ್ಕು ಹರ್ಮಿಟ್‌ನದರ ಅರ್ಧ, ಬಾಗು ಅಷ್ಟಕ್ಕಷ್ಟೇ.

4,000 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ನೂರಕ್ಕೆ 60. ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ಅದು ಸುಮಾರು 80, ಅಷ್ಟಕ್ಕೇ ಮೆಟ್ಟಿಲು ಹತ್ತಿದವರಿಗೆ ಏದುಸಿರು ಬರುತ್ತದೆ. ತೆಳು ಗಾಳಿ ಹಮ್ಮಿಂಗ್‌ಬರ್ಡಿಗೆ ಎರಡು ಕಡೆಯಿಂದ ಹೊಡೆತ. ಉಸಿರಿಗೆ ಆಮ್ಲಜನಕ ಕಡಿಮೆ, ರೆಕ್ಕೆಯ ಆಸರೆಗೆ ಗಾಳಿಯೇ ಕಡಿಮೆ. 2004ರಲ್ಲಿ ಡಗ್ಲಾಸ್ ಆಲ್ಟ್‌ಶುಲರ್ ಮತ್ತು ಸಂಗಡಿಗರು ಪೆರುವಿನ 43 ಪ್ರಭೇದಗಳನ್ನು ಹೋಲಿಸಿ ನೋಡಿದರು. ಎತ್ತರದವಕ್ಕೆ ಮೈಗೆ ಹೋಲಿಸಿದರೆ ರೆಕ್ಕೆ ದೊಡ್ಡದು, ಬಡಿತದ ಬೀಸು ಅಗಲ. ಇಷ್ಟಾದರೂ ಅವಸರಕ್ಕೆ ಬೇಕಾಗುವ ಹೆಚ್ಚುವರಿ ಶಕ್ತಿ ಎತ್ತರ ಹೆಚ್ಚಿದಂತೆ ಕುಗ್ಗುತ್ತದೆ. ಹಾರಬಹುದು, ಆದರೆ ಪುಕ್ಕಟೆಯಲ್ಲ.

ಅದಕ್ಕೇ ಹಿಲ್‌ಸ್ಟಾರ್ ಮಾಡುವ ಒಂದು ಕೆಲಸ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಗಾಳಿಯಲ್ಲಿ ನಿಲ್ಲುವುದಕ್ಕೇ ಹೆಸರಾದ ಬಳಗದಲ್ಲಿ ಹುಟ್ಟಿಯೂ ಅದು ಹೆಚ್ಚಾಗಿ ಹೂವಿನ ಮೇಲೆಯೇ ಕೂತು ಕುಡಿಯುತ್ತದೆ. ಚುಕಿರಾಗಾ ಎಂಬ ಮುಳ್ಳುಪೊದೆಯ ಕಿತ್ತಳೆ ಬಣ್ಣದ ಹೂವನ್ನು ಗಟ್ಟಿ ಕಾಲಿನಿಂದ ಹಿಡಿದು, ರೆಕ್ಕೆ ಮಡಚಿ, ಕೊಕ್ಕು ಇಳಿಸುತ್ತದೆ. ನಮ್ಮ ಸೂರಕ್ಕಿ ಹಾಲವಾಣದ ಕೊಂಬೆಯಲ್ಲಿ ಮಾಡುವುದೂ ಇದನ್ನೇ. ಬೇರೆ ಕುಲ, ಬೇರೆ ಖಂಡ. ಖರ್ಚು ಉಳಿಸುವ ದಾರಿ ಒಂದೇ.

ರಕ್ತವೂ ಬದಲಾಗಿದೆ. ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನಾದ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 13 ಮತ್ತು 83ನೇ ಸ್ಥಾನಗಳಲ್ಲಿ ಗ್ಲೈಸಿನ್ ಎಂಬ ಅಮೈನೊ ಆಮ್ಲದ ಬದಲು ಸೆರಿನ್ ಎಂಬುದು ಬಂದರೆ ಆಮ್ಲಜನಕವನ್ನು ಹಿಡಿಯುವ ಗುಣ ಹೆಚ್ಚುತ್ತದೆ. ಬೆಟ್ಟ ಹತ್ತಿದ ಬೇರೆ ಬೇರೆ ಹಮ್ಮಿಂಗ್‌ಬರ್ಡ್ ವಂಶಗಳಲ್ಲಿ ಇದೇ ಬದಲಾವಣೆ, ಅದೇ ಸ್ಥಾನಗಳಲ್ಲಿ, ಸ್ವತಂತ್ರವಾಗಿ ಮತ್ತೆ ಮತ್ತೆ ನಡೆದಿದೆ ಎಂದು 2013ರ ಸಂಶೋಧನೆ ತೋರಿಸಿತು. ವಿಕಾಸವಾದ ಓದುತ್ತಿರುವ ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳಿ. ಇಷ್ಟು ಸ್ಪಷ್ಟ ಉದಾಹರಣೆ ಸುಲಭವಾಗಿ ಸಿಗುವುದಿಲ್ಲ.

ಇಷ್ಟೆಲ್ಲ ಹಗಲಿನ ಮಾತಾಯಿತು. ಹಿಲ್‌ಸ್ಟಾರ್‌ನ ನಿಜವಾದ ಪರೀಕ್ಷೆ ಸೂರ್ಯ ಮುಳುಗಿದ ಮೇಲೆ. 8 ಗ್ರಾಂ ಮೈ, ಹೊರಗೆ ಹೆಪ್ಪುಗಟ್ಟುವ ಚಳಿ, ಸುಮಾರು ಹನ್ನೆರಡು ಗಂಟೆ ಉಪವಾಸ. ನಮ್ಮಂತೆ ಮೈಶಾಖವನ್ನು ಒಂದೇ ಮಟ್ಟದಲ್ಲಿ ಕಾಯುತ್ತ ಕೂತರೆ ಹಗಲಿನ ದುಡಿಮೆಯೆಲ್ಲ ಅದಕ್ಕೇ ಸುಟ್ಟುಹೋಗುತ್ತದೆ. ಹಕ್ಕಿ ಜಡನಿದ್ದೆಗೆ ಇಳಿಯುತ್ತದೆ. ಮೈ ತಣ್ಣಗಾಗುತ್ತದೆ, ಹೃದಯದ ಬಡಿತ, ಉಸಿರು ಬಹಳ ನಿಧಾನವಾಗುತ್ತವೆ. ಮುಟ್ಟಿದರೂ ಎಚ್ಚರವಾಗದ ಸ್ಥಿತಿ. ಪೆರುವಿನ ಎತ್ತರದಲ್ಲಿ ಹಮ್ಮಿಂಗ್‌ಬರ್ಡ್‌ಗಳು ಗುಹೆಗಳಲ್ಲಿ ರಾತ್ರಿ ಕಳೆಯುವುದನ್ನು ಆಲಿವರ್ ಪಿಯರ್ಸನ್ 1953ರಲ್ಲೇ ಬರೆದಿದ್ದರು. 1970ರ ದಶಕದಲ್ಲಿ ಲಿನ್ ಕಾರ್ಪೆಂಟರ್ ಹಿಲ್‌ಸ್ಟಾರ್‌ಗಳ ಹಿಂದೆ ಬಿದ್ದು ಅವುಗಳ ಗುಹೆ, ಹೂವು, ಜಡನಿದ್ದೆ ಎಲ್ಲವನ್ನೂ ಅಧ್ಯಯನ ಮಾಡಿದರು. ಗುಹೆಯೊಳಗೆ ರಾತ್ರಿ ಹೊರಗಿನಷ್ಟು ಕೊರೆಯುವುದಿಲ್ಲ, ಗಾಳಿ ಬೀಸುವುದಿಲ್ಲ. ಚಳಿಗಾಲದಲ್ಲಿ ಜಡನಿದ್ದೆ ಹೆಚ್ಚು.

ಎಷ್ಟು ತಣ್ಣಗಾಗಬಹುದು? 2020ರಲ್ಲಿ ಬ್ಲೇರ್ ವುಲ್ಫ್ ಮತ್ತು ಸಂಗಡಿಗರು ಪೆರುವಿನಲ್ಲಿ ಸುಮಾರು 3,800 ಮೀಟರ್ ಎತ್ತರದಲ್ಲಿ ಆರು ಪ್ರಭೇದಗಳ ಜಡನಿದ್ದೆಯನ್ನು ಅಳೆದದ್ದನ್ನು ಪ್ರಕಟಿಸಿದರು. ಅವುಗಳಲ್ಲಿ ಬ್ಲ್ಯಾಕ್ ಮೆಟಲ್‌ಟೇಲ್ ಎಂಬ ಹಕ್ಕಿಯ ಮೈಶಾಖ 3.26 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಹಗಲಿನಲ್ಲಿ 40ರ ಆಸುಪಾಸು ಇರುವ ಮೈ ಅದು! ಬೆಳಕು ಹರಿಯುವ ಹೊತ್ತಿಗೆ ಸ್ನಾಯುಗಳನ್ನು ನಡುಗಿಸುತ್ತ, ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಮೈಯನ್ನು ಮತ್ತೆ ಕಾಯಿಸಿಕೊಂಡು ಹಾರುತ್ತದೆ. ಈ ಸಾಲನ್ನು ಓದುವಾಗಲೆಲ್ಲ ನನಗೆ ಬೆರಗು ಕಡಿಮೆಯಾಗುವುದಿಲ್ಲ. ಪ್ರತಿ ರಾತ್ರಿ ಸಾವಿನ ಅಂಚಿನವರೆಗೆ ಇಳಿದು, ಬೆಳಗ್ಗೆ ಹೂವಿಗೆ ಹೋಗುವ ಪ್ರಾಣಿ!

ತಗ್ಗಿನ ಹಮ್ಮಿಂಗ್‌ಬರ್ಡ್‌ಗಳಿಗೆ ಜಡನಿದ್ದೆ ಬರುವುದೇ ಇಲ್ಲ ಎಂದಲ್ಲ. ಆದರೆ ಬೆಚ್ಚಗಿನ ಕಾಡಿನಲ್ಲಿ ಸುತ್ತಲಿನ ಗಾಳಿಯೇ 20 ಡಿಗ್ರಿಗಿಂತ ಮೇಲಿದ್ದಾಗ ಮೈ ಅದಕ್ಕಿಂತ ಕೆಳಗಿಳಿಯಲು ದಾರಿಯಿಲ್ಲ. ಜಡನಿದ್ದೆಯಿಂದ ಆಗುವ ಉಳಿತಾಯವೂ ಕಡಿಮೆ, ರಾತ್ರಿಯ ಅಪಾಯವೂ ಕಡಿಮೆ.

ಗೂಡಿನ ಮಾತು ಚಿಕ್ಕದಾಗಿ. ಎರಡರಲ್ಲೂ ಎರಡೇ ಮೊಟ್ಟೆ, ಎರಡರಲ್ಲೂ ಹೆಣ್ಣು ಒಂಟಿ. ಹರ್ಮಿಟ್ ಜೇಡರ ಬಲೆಯ ನೂಲಿನಿಂದ ತಾಳೆ ಅಥವಾ ಹೆಲಿಕೋನಿಯಾ ಎಲೆಯ ತುದಿಯ ಅಡಿಗೆ ಗೂಡನ್ನು ಅಂಟಿಸುತ್ತದೆ. ಎಲೆಯೇ ಮಳೆಗೆ ಸೂರು. ಹಿಲ್‌ಸ್ಟಾರ್ ಗುಹೆಯ ಅಥವಾ ಕೊರಕಲಿನ ಬಂಡೆಗೋಡೆಗೆ ದಪ್ಪ, ಬೆಚ್ಚನೆಯ ಗೂಡು ಕಟ್ಟುತ್ತದೆ. ಒಂದಕ್ಕೆ ನೀರು ತಪ್ಪಬೇಕು, ಇನ್ನೊಂದಕ್ಕೆ ಚಳಿ.

ಈಗ ನನ್ನನ್ನು ಕಾಡುವ ವಿಷಯ. ಎರಡೂ ಹಕ್ಕಿಗಳ ಜಾಣ್ಮೆ ಅವುಗಳ ಜಾಗಕ್ಕೆ ಕಟ್ಟುಬಿದ್ದದ್ದು. ಜಾಗ ಕೆಟ್ಟರೆ ಜಾಣ್ಮೆ ಕೆಲಸಕ್ಕೆ ಬರುವುದಿಲ್ಲ. ಹರ್ಮಿಟ್ ಗುಂಪಿನದೇ ಆದ ಹಸಿರು ಹರ್ಮಿಟ್‌ಗಳನ್ನು ಹಿಡಿದು ದೂರ ಬಿಟ್ಟು, ಮರಳಿ ಬರುವ ದಾರಿಯನ್ನು ರೇಡಿಯೊ ಮೂಲಕ ಗಮನಿಸಿದ ಅಧ್ಯಯನ 2009ರಲ್ಲಿ ಬಂತು. ನಡುವೆ ಹೊಲ, ಹುಲ್ಲುಗಾವಲು ಇದ್ದಾಗ ಅವು ನೇರ ದಾರಿ ಬಿಟ್ಟು ಮರಗಳ ಸಾಲು ಹಿಡಿದು ಬಳಸಿ ಬಂದವು. ರೆಕ್ಕೆಯಿದ್ದವಕ್ಕೂ ಬಯಲು ಬೇಲಿಯೇ. ನೆರಳು ಮರ ಕಡಿಯುವ ಯೋಚನೆಯಲ್ಲಿರುವ ಬೆಳೆಗಾರರು ಇದನ್ನು ಮನಸ್ಸಿನಲ್ಲಿಡಬೇಕೆಂದು ನನ್ನ ಕೋರಿಕೆ. ಒಂದು ತೋಟದ ಮರಸಾಲು ಪಕ್ಕದ ಕಾನಿಗೆ ಸೇರಿದೆಯೋ ಇಲ್ಲವೋ ಎಂಬುದು ಮರಗಳ ಒಟ್ಟು ಎಣಿಕೆಯಷ್ಟೇ ದೊಡ್ಡ ವಿಷಯ.

ಬೆಟ್ಟದ ಕಡೆ, 2018ರಲ್ಲಿ ಈಕ್ವೆಡಾರಿನಿಂದ ಹಿಲ್‌ಸ್ಟಾರ್‌ಗಳ ಹೊಸ ಪ್ರಭೇದವೊಂದು ಜಗತ್ತಿಗೆ ತಿಳಿಯಿತು, ನೀಲಿ ಕೊರಳಿನದು. ವಿವರಿಸಿದವರೇ ಅಂದಾಜು ಮಾಡಿದಂತೆ ಇರುವುದು 750ಕ್ಕಿಂತ ಹೆಚ್ಚಿಲ್ಲ. ಹೆಸರಿಟ್ಟ ದಿನವೇ ಅಳಿವಿನಂಚಿನ ಪಟ್ಟಿಗೆ ಅರ್ಹವಾದ ಹಕ್ಕಿ. ಅದಕ್ಕಿರುವ ಬೆದರಿಕೆಗಳು ಹುಲ್ಲಿಗೆ ಹಚ್ಚುವ ಬೆಂಕಿ, ದನ ಮೇಯಿಸುವುದು, ಚಿನ್ನದ ಗಣಿ. ಚಂದ್ರದ್ರೋಣ ಸಾಲಿನಲ್ಲಿ ಬೇಸಿಗೆಯ ಬೆಂಕಿ ಕಂಡವರಿಗೆ, 2005ರ ಕೊನೆಯವರೆಗೂ ಕುದುರೆಮುಖದಲ್ಲಿ ಅದಿರು ತೆಗೆಯುತ್ತಿದ್ದುದನ್ನು ಕಂಡವರಿಗೆ ಈ ಪಟ್ಟಿ ಅಪರಿಚಿತವಲ್ಲ.

ಪ್ರಶ್ನೋತ್ತರದಲ್ಲಿ ಬೆಳೆಗಾರರೊಬ್ಬರು ಕೇಳಿದರು: ತಗ್ಗಿನ ಹಕ್ಕಿಯನ್ನು ಬೆಟ್ಟಕ್ಕೆ ಒಯ್ದು ಬಿಟ್ಟರೆ ಹೊಂದಿಕೊಳ್ಳುವುದಿಲ್ಲವೆ, ಸರ್? ಹೆಚ್ಚುಕಡಿಮೆ ಇದೇ ಪ್ರಯೋಗ ನಡೆದಿದೆ. ಅನ್ನಾಸ್ ಹಮ್ಮಿಂಗ್‌ಬರ್ಡ್ ಎಂಬ ಕ್ಯಾಲಿಫೋರ್ನಿಯಾದ ಹಕ್ಕಿಗಳನ್ನು ಅವುಗಳ ನೆಲೆಯಿಂದ ಮೇಲಕ್ಕೆ, 3,800 ಮೀಟರಿಗೆ ಒಯ್ದು ನೋಡಿದರು; 2022ರಲ್ಲಿ ಫಲಿತಾಂಶ ಬಂತು. ಗಾಳಿಯಲ್ಲಿ ನಿಲ್ಲುವಾಗ ಅವುಗಳ ದೇಹ ಉರಿಸಬಲ್ಲ ಶಕ್ತಿ ಮೂರನೇ ಒಂದಕ್ಕಿಂತ ಹೆಚ್ಚು ಕುಸಿಯಿತು, ರಾತ್ರಿಯ ಬಹುಪಾಲು ಜಡನಿದ್ದೆಯಲ್ಲೇ ಕಳೆಯಿತು. ಬದುಕಿದವು, ಆದರೆ ಕಷ್ಟಪಟ್ಟು. ಭೂಮಿ ಬಿಸಿಯೇರಿದಂತೆ ಜೀವಿಗಳು ಮೇಲಕ್ಕೆ ಸರಿಯುತ್ತವೆ ಬಿಡಿ ಎನ್ನುವವರು ಈ ಫಲಿತಾಂಶ ನೋಡಬೇಕು. ಮೇಲೆ ತಂಪಿದೆ, ಗಾಳಿ ಇಲ್ಲ.

ಒಬ್ಬ ವಿದ್ಯಾರ್ಥಿನಿ, ನಮ್ಮ ಸೂರಕ್ಕಿಗಳಿಗೂ ಜಡನಿದ್ದೆ ಇದೆಯೇ ಎಂದು ಕೇಳಿದಳು. ದಕ್ಷಿಣ ಆಫ್ರಿಕದ ಮ್ಯಾಲಕೈಟ್ ಸೂರಕ್ಕಿ ಚಳಿಯ ರಾತ್ರಿ ಮೈಶಾಖ ಇಳಿಸುವುದು 2002ರಲ್ಲಿ ದಾಖಲಾಗಿದೆ. ಹಾಗಾಗಿ ಪ್ರಶ್ನೆ ಬಹಳ ಒಳ್ಳೆಯದು. ಉಪಕರಣವಿಲ್ಲದೆ ಮೈಶಾಖ ಅಳೆಯಲಾಗದು, ಹಕ್ಕಿ ಹಿಡಿಯುವುದು ಅನುಮತಿಯಿಲ್ಲದೆ ಸಲ್ಲದು. ಆದರೆ ಬೆಳಗಿನ ಹೊತ್ತು ನೋಡಲು ಯಾರ ಅಡ್ಡಿಯೂ ಇಲ್ಲ. ಜನವರಿಯ ಚಳಿಯಲ್ಲಿ ಒಂದು ಗುಂಪು ಮೂಡಿಗೆರೆ ಕಡೆಯ ತೋಟದಲ್ಲಿ, ಇನ್ನೊಂದು ಬಾಬಾಬುಡನ್‌ಗಿರಿ ರಸ್ತೆಯ ಶೋಲಾ ಅಂಚಿನಲ್ಲಿ, ಬೆಳಕು ಹರಿಯುವ ಮೊದಲೇ ಹೂಬಿಟ್ಟ ಮರವೊಂದರ ಕೆಳಗೆ ನಿಲ್ಲಿ. ಮೊದಲ ಸೂರಕ್ಕಿ ಎಷ್ಟು ಗಂಟೆಗೆ ಬಂತು, ಕೂತು ಕುಡಿಯಿತೋ ಗಾಳಿಯಲ್ಲಿ ನಿಂತೋ, ಬಿಸಿಲು ಬಿದ್ದ ಕೊಂಬೆಯನ್ನು ಹುಡುಕಿತೋ ಬರೆದುಕೊಳ್ಳಿ. ಜೊತೆಗೆ ಆ ಹೊತ್ತಿನ ತಾಪಮಾನ, ಹೂವಿನ ಹೆಸರು. ಒಂದೇ ವಾರದಲ್ಲಿ ಏನೂ ಗೊತ್ತಾಗುವುದಿಲ್ಲ. ಎರಡು ಮೂರು ಚಳಿಗಾಲ ಅದೇ ಮರಗಳ ಕೆಳಗೆ ನಿಂತು, ಸಿಕ್ಕಿದ್ದನ್ನು ಹಕ್ಕಿ ನೋಡುವವರು ದಾಖಲೆ ಸೇರಿಸುವ ಇ-ಬರ್ಡ್ ಜಾಲತಾಣದಲ್ಲಿ ಸೇರಿಸುತ್ತ ಹೋಗಿ. ಎರಡೂ ಗುಂಪಿನ ಗಡಿಯಾರ ಒಂದೇ ಸಮಯಕ್ಕೆ ಹೊಂದಿಸಿರಲಿ.